ಎರೆನೆಲದ ಓಟಕ್ಕೆ ಎಂಥ ಬೂಟು, ಎಂಥ ಅಂಗಿ

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಕಡೆ ಮಳೆ ನಿಂತ ಮರುದಿನ ಎರೆಹೊಲಕ್ಕಿಳಿದು ಹತ್ತು ಹೆಜ್ಜೆ ನಡೆದು ನೋಡಬೇಕು. ಮೊದಲ ಹೆಜ್ಜೆಗೆ ಅಟ್ಟೆಯ ಅಂಚಿಗೆ ಒಂದಿಷ್ಟು ಮಣ್ಣು ಹತ್ತುತ್ತದೆ. ಆ ಮಣ್ಣಿಗೆ ಮುಂದಿನ ಹೆಜ್ಜೆಯ ಮಣ್ಣು ಹತ್ತುತ್ತದೆ. ಬದು ಮುಟ್ಟುವಷ್ಟರಲ್ಲಿ ಎರಡೂ ಕಾಲಿಗೆ ಕರೀ ಮುದ್ದೆ ಕಟ್ಟಿಕೊಂಡಿರುತ್ತದೆ. ಅಂಥ ದಿನ ರೈತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವುದು ಸುಮ್ಮನೆ ಅಲ್ಲ. ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿಯ ಅಂಶ ಹೆಚ್ಚು. ಅದರ ಕಣಗಳು ತೀರಾ ತೆಳುವಾದ ಪದರಗಳಿಂದಾದವು. ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬಿ ಅಂಟಾಗುತ್ತದೆ, ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಕಾಲು ಬಿಡದ ಅದೇ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿಬಿಟ್ಟಿರುತ್ತದೆ.

ಈ ಮುದ್ದೆ ಓಡುವವರಿಗೆ ಎಷ್ಟು ದುಬಾರಿ ಎಂದು ವಿಜ್ಞಾನಿಗಳು ಅಳೆದಿದ್ದಾರೆ. ಅವರು ಬಳಸಿದ್ದು ಎರೆಮಣ್ಣನ್ನಲ್ಲ, ಸೀಸದ ಗುಂಡನ್ನು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ವೌಟರ್ ಹೂಗ್‌ಕಾಮರ್, ರಾಜರ್ ಕ್ರಾಮ್ ಮತ್ತು ಸಂಗಡಿಗರು ಓಟಗಾರರ ಬೂಟಿನೊಳಗೆ ಅವರಿಗೆ ತಿಳಿಯದಂತೆ ಸಣ್ಣ ಸೀಸದ ಗುಂಡುಗಳನ್ನು ಅಡಗಿಸಿ 3,000 ಮೀಟರ್ ಓಡಿಸಿದರು. 2016ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಒಂದೊಂದು ಬೂಟಿಗೆ 100 ಗ್ರಾಂ ಹೆಚ್ಚಾದರೆ ಓಟ ಶೇ. 0.78ರಷ್ಟು ನಿಧಾನವಾಗುತ್ತದೆ, ದೇಹ ಬಳಸುವ ಆಮ್ಲಜನಕ ಸುಮಾರು ಶೇ. 1ರಷ್ಟು ಏರುತ್ತದೆ. ಬೆನ್ನಿನ ಮೇಲೆ ಹೊತ್ತ 100 ಗ್ರಾಂ ಇಷ್ಟು ಕಾಡುವುದಿಲ್ಲ. ಪಾದವಾದರೋ ಪ್ರತಿ ಹೆಜ್ಜೆಗೂ ನೆಲದ ಮೇಲೆ ಪೂರ್ತಿ ನಿಂತು, ಮತ್ತೆ ದೇಹದ ವೇಗವನ್ನೂ ಮೀರಿ ಮುಂದಕ್ಕೆ ಬೀಸಿ, ಮತ್ತೆ ನಿಲ್ಲಬೇಕು. ಆ ಬೀಸಿನ ಖರ್ಚನ್ನು ತೊಡೆಯ ಸ್ನಾಯುಗಳು ಕಟ್ಟಿಕೊಡಬೇಕು.

ಇದನ್ನು ನಮ್ಮ ಹುಡುಗರ ಲೆಕ್ಕಕ್ಕೆ ತರೋಣ. ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ, ಮಾನ್ವಿ ದೇವದುರ್ಗಗಳ ಕಾಲೇಜು ಮೈದಾನಗಳಲ್ಲಿ, ಊರ ಹೊರಗಿನ ಡಾಂಬರು ರಸ್ತೆಗಳಲ್ಲಿ ನಸುಕಿಗೆ ಓಡುವವರಲ್ಲಿ ಬಹಳಷ್ಟು ಮಂದಿ ಪದಕಕ್ಕಾಗಿ ಓಡುವವರಲ್ಲ. ಪೊಲೀಸ್, ಸೇನೆಯ ನೇಮಕಾತಿಗೆ ತಯಾರಾಗುವವರು ಅವರು. ಕರ್ನಾಟಕದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಬಯಸುವ ಗಂಡುಮಕ್ಕಳು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ. ಆರೂವರೆ ನಿಮಿಷ ಎಂದರೆ 390 ಸೆಕೆಂಡು. ಒಂದೊಂದು ಕಾಲಿಗೆ 100 ಗ್ರಾಂ ಹೆಚ್ಚು ಭಾರದ ಬೂಟು ಹಾಕಿಕೊಂಡವನು ಅಷ್ಟರಲ್ಲಿ 3 ಸೆಕೆಂಡು ಕಳೆದುಕೊಳ್ಳುತ್ತಾನೆ. ಒಂದೇ ಸೆಕೆಂಡಿನಲ್ಲಿ ನೌಕರಿ ತಪ್ಪುವ ಈ ಪರೀಕ್ಷೆಯಲ್ಲಿ 3 ಸೆಕೆಂಡು ಸಣ್ಣ ಮಾತಲ್ಲ. ದಪ್ಪ ಅಟ್ಟೆಯ ಭಾರದ ಬೂಟಿಗೂ ಹಗುರ ಬೂಟಿಗೂ ನಡುವಿನ ಅಂತರ ಸುಲಭವಾಗಿ 100 ಗ್ರಾಂ ದಾಟುತ್ತದೆ. ಹಾಗಾಗಿ ಅಂಗಡಿಯಲ್ಲಿ ಬೂಟು ಕೊಳ್ಳುವಾಗ ಬಣ್ಣ, ಬ್ರ್ಯಾಂಡು ನೋಡುವ ಮೊದಲು ಅದನ್ನು ತಕ್ಕಡಿಗಿಡುವುದು ಒಳ್ಳೆಯದೆಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು.

ಈಚಿನ ವರ್ಷಗಳಲ್ಲಿ ಓಟದ ಬೂಟಿನಲ್ಲಿ ಆಗಿರುವ ದೊಡ್ಡ ಬದಲಾವಣೆ ಇರುವುದು ಅಂಗಾಲಿಗೂ ತಳದ ರಬ್ಬರಿಗೂ ನಡುವಿನ ಪದರದಲ್ಲಿ. ಹಲವು ದಶಕ ಅಲ್ಲಿದ್ದದ್ದು ಇವಿಎ ಎಂಬ ನೊರೆಪ್ಲಾಸ್ಟಿಕ್ಕು. ನಮ್ಮ ಹಗುರ ಹವಾಯಿ ಚಪ್ಪಲಿಗಳಲ್ಲೂ ಅದೇ ಇರುತ್ತದೆ. 2013ರಲ್ಲಿ ಅಡಿಡಾಸ್ ಕಂಪನಿ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್ಎಫ್ ಜೊತೆ ಸೇರಿ ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಹರಳುಗಳನ್ನು ಉಬ್ಬಿಸಿ ಬೆಸೆದ ಅಟ್ಟೆ ತಂದಿತು. 2017ರಲ್ಲಿ ನೈಕಿ ಮಾರುಕಟ್ಟೆಗೆ ಬಿಟ್ಟ ವೇಪರ್‌ಫ್ಲೈ ಬೂಟಿನಲ್ಲಿ ಪೆಬ್ಯಾಕ್ಸ್ ಎಂಬ ಇನ್ನೂ ಹಗುರ, ಇನ್ನೂ ಪುಟಿಯುವ ನೊರೆ ಬಂತು. ಪಾದ ಊರಿದಾಗ ಈ ಪದರ ತಗ್ಗುತ್ತದೆ, ಎತ್ತಿದಾಗ ಮರಳಿ ಉಬ್ಬುತ್ತದೆ. ತಗ್ಗಿಸಲು ನಾವು ಹಾಕಿದ ಶಕ್ತಿಯಷ್ಟೂ ವಾಪಸು ಬರುವುದಿಲ್ಲ. ಒಂದಿಷ್ಟು ನೊರೆಯೊಳಗೇ ಶಾಖವಾಗಿ ಕಳೆದುಹೋಗುತ್ತದೆ. 100 ರೂಪಾಯಿ ಕೈಗಡ ಕೊಟ್ಟವನಿಗೆ ಎಷ್ಟು ಮರಳಿ ಸಿಕ್ಕಿತು ಎಂದು ಕೇಳುವಂತೆ ಪ್ರಯೋಗಾಲಯದಲ್ಲಿ ಈ ಮೂರೂ ಬಗೆಯ ಬೂಟುಗಳನ್ನು ಒತ್ತಿ ಅಳೆದರು. ಇವಿಎ ಬೂಟು ಮರಳಿಸಿದ್ದು ಸುಮಾರು ಶೇ. 66, ಟಿಪಿಯು ಶೇ. 76, ಪೆಬ್ಯಾಕ್ಸ್ ಶೇ. 87.

ಇದರ ಫಲ ಓಟದಲ್ಲಿ ಎಷ್ಟು? ಅದೇ ಕೊಲೊರಾಡೊ ತಂಡ 18 ಮಂದಿ ನುರಿತ ಓಟಗಾರರ ಉಸಿರು ಅಳೆದು, ಪೆಬ್ಯಾಕ್ಸ್ ನೊರೆಯ ಹೊಸ ಬೂಟಿನಲ್ಲಿ ಸರಾಸರಿ ಶೇ. 4ರಷ್ಟು ಕಡಿಮೆ ಶಕ್ತಿ ಸಾಕು ಎಂದು ಹೇಳಿತು. ಆ ಅಧ್ಯಯನಕ್ಕೆ ಹಣ ಕೊಟ್ಟವರಲ್ಲಿ ನೈಕಿ ಕಂಪನಿಯೂ ಇತ್ತು. ಆದರೆ ಆಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲೂ ಲಾಭ ಕಂಡಿತು. ಆ ಬೂಟಿನೊಳಗೆ ಒಂದು ಕಾರ್ಬನ್ ನಾರಿನ ತಗಡೂ ಇತ್ತು, ಅದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ ಎಂಬ ಪ್ರಚಾರ ಜೋರಾಗಿತ್ತು. ಹೂಗ್‌ಕಾಮರ್ ಮತ್ತು ಲಾರಾ ಹೀಲಿ ಆ ತಗಡನ್ನು ಅಡ್ಡಡ್ಡ ಕತ್ತರಿಸಿ ಮತ್ತೆ ಓಡಿಸಿದಾಗ ಉಳಿತಾಯದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಲಿಲ್ಲ. ಬಹುಪಾಲು ದುಡಿಮೆ ನೊರೆಯದ್ದೇ ಇರಬೇಕು. ಈ ಪ್ರಯೋಗ ನನಗೆ ಬಹಳ ಇಷ್ಟ. ಯಾವುದರಿಂದ ಲಾಭ ಎಂದು ತಿಳಿಯಬೇಕಾದರೆ ಅದೊಂದನ್ನೇ ಕೆಡಿಸಿ ನೋಡಬೇಕು, ಅದನ್ನೇ ಅವರು ಮಾಡಿದರು.

2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೆನ್ಯಾದ ಎಲಿಯುಡ್ ಕಿಪ್‌ಚೋಗೆ ಇಂಥ ಬೂಟಿನ ಇನ್ನೂ ದಪ್ಪ ಮಾದರಿ ಹಾಕಿಕೊಂಡು 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಅದು ದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ, ಏಕೆಂದರೆ ಅದು ಮುಕ್ತ ಸ್ಪರ್ಧೆಯಾಗಿರಲಿಲ್ಲ. 2020ರ ಜನವರಿಯಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪ ಇರಬಾರದು, ಒಂದಕ್ಕಿಂತ ಹೆಚ್ಚು ತಗಡು ಕೂಡದು ಎಂದು ನಿಯಮ ಮಾಡಿತು.

ಇಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಶೇ. 4 ಯಾರಿಗೆ ಸಿಗುತ್ತದೆ? ಆ ಅಂಕಿ ಬಂದದ್ದು ಗಂಟೆಗೆ 14ರಿಂದ 18 ಕಿಲೋಮೀಟರ್ ವೇಗದಲ್ಲಿ. 2023ರ ಒಂದು ಅಧ್ಯಯನದಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗಕ್ಕೆ ಉಳಿತಾಯ ಶೇ. 1.4ಕ್ಕೆ, 10 ಕಿಲೋಮೀಟರಿಗೆ ಶೇ. 0.9ಕ್ಕೆ ಇಳಿಯಿತು. ನಮ್ಮ 1,600 ಮೀಟರಿನ ಓಟದ ವೇಗ ಗಂಟೆಗೆ ಹೆಚ್ಚೂಕಡಿಮೆ 15 ಕಿಲೋಮೀಟರ್. ಅಂದರೆ ಒಂದಿಷ್ಟು ಲಾಭ ಇದ್ದೇ ಇದೆ. ಆದರೆ ಅಂಥ ಬೂಟಿನ ಬೆಲೆ 20 ಸಾವಿರ ರೂಪಾಯಿಯ ಆಸುಪಾಸು. ಅದರ ತಳದಲ್ಲಿ ಇರುವ ರಬ್ಬರು ತೀರಾ ತೆಳುವಾದದ್ದು, ಕೆಲವು ಕಡೆ ನೊರೆಯೇ ಹೊರಗೆ ಕಾಣುತ್ತಿರುತ್ತದೆ. ಯುರೋಪು, ಅಮೆರಿಕ, ಜಪಾನಿನ ಗುಡಿಸಿ ಒರೆಸಿದಂಥ ರಸ್ತೆಗೆ ಅದು ಸಾಕು. ರಾಯಚೂರು ಜಿಲ್ಲೆಯಲ್ಲಿ ರಸ್ತೆಯ ಎರಡೂ ಮಗ್ಗುಲಿಗೆ ಬಳ್ಳಾರಿ ಜಾಲಿ ಬೆಳೆದಿದೆ. ಅದರ ಒಣಮುಳ್ಳು ಮೆತ್ತನೆಯ ನೊರೆಯೊಳಗೆ ಸಲೀಸಾಗಿ ಇಳಿದು ಅಂಗಾಲು ಮುಟ್ಟುತ್ತದೆ. ಮುಳ್ಳಿನ ಮಾತು ಬಂದರೆ, ಹಳೇ ಲಾರಿ ಟೈರು ಕತ್ತರಿಸಿ ಮಾಡಿದ ಚಪ್ಪಲಿ ಇವತ್ತಿಗೂ ಎಲ್ಲ ಹೊಸ ಬೂಟುಗಳನ್ನೂ ಸೋಲಿಸುತ್ತದೆ. ಟೈರಿನ ರಬ್ಬರಿನೊಳಗೆ ಹೆಣೆದ ನಾರಿನ ಪದರಗಳಿವೆ, ಮುಳ್ಳು ಅಲ್ಲಿಗೆ ನಿಲ್ಲುತ್ತದೆ. ಹಾಗಂತ ಅದನ್ನು ಮೆಟ್ಟಿ 1,600 ಮೀಟರ್ ಓಡಲು ಆಗದು, ತೂಕ ಬಿಡುವುದಿಲ್ಲ. ಇವೆರಡನ್ನೂ ಒಂದು ಮಾಡುವುದು ಕಷ್ಟದ ವಿದ್ಯೆಯೇನಲ್ಲ: ಪುಟಿಯುವ ನೊರೆಯ ಕೆಳಗೆ ಒತ್ತಾಗಿ ನೇಯ್ದ ತೆಳ್ಳನೆಯ ನಾರಿನ ಪದರ, ಅದರ ಕೆಳಗೆ ಎರೆಮಣ್ಣು ಸಿಕ್ಕಿಕೊಳ್ಳದಂತೆ ಹಲ್ಲುಗಳನ್ನು ದೂರದೂರ ಇಟ್ಟ ರಬ್ಬರು. ಗುಡ್ಡಗಾಡು ಓಟದ ಬೂಟುಗಳಲ್ಲಿ ಚೂಪುಗಲ್ಲು ತಡೆಯುವ ಪದರವೂ ಇದೆ, ಕೆಸರು ಉದುರಿಸುವ ಹಲ್ಲೂ ಇದೆ. ಅವೆಲ್ಲ ತಯಾರಾದದ್ದು ಆಲ್ಪ್ಸ್ ಪರ್ವತದಂಥ ಕಡೆಯ ಕಾಲುದಾರಿಗಳನ್ನು ನೆನೆದು. ಎರೆನೆಲ, ಜಾಲಿಮುಳ್ಳು, 42 ಡಿಗ್ರಿ ಬಿಸಿಲು ಈ ಮೂರನ್ನೂ ಮೊದಲ ಪುಟದಲ್ಲೇ ಬರೆದುಕೊಂಡು ಬೂಟು ರೂಪಿಸಲು ಕೂತವರು ಬೇಕು.

ಬಿಸಿಲಿನ ವಿಷಯ ಬೂಟಿಗೂ ತಟ್ಟುತ್ತದೆ. ಬೇಸಿಗೆಯ ಮಧ್ಯಾಹ್ನ ಡಾಂಬರಿನ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇವಿಎ ಕಾದಂತೆ ಮೆತ್ತಗಾಗುವ ವಸ್ತು. ಓಟದ ಬೂಟಿನ ಭಾಗಗಳನ್ನು ಹಿಡಿದಿಟ್ಟಿರುವುದು ಹೊಲಿಗೆಯಲ್ಲ, ಅಂಟು. ಅಗ್ಗದ ಅಂಟು ಕಾಯುತ್ತ ಆರುತ್ತ ಬಿಟ್ಟುಕೊಳ್ಳುತ್ತದೆ, ಮುಂಗಾಲಿನ ಹತ್ತಿರ ಅಟ್ಟೆ ಬಾಯ್ತೆರೆಯುತ್ತದೆ. ಅದಕ್ಕೇ ನಮ್ಮ ಕಡೆ ಹೊಸ ಬೂಟು ಕೊಂಡ ದಿನವೇ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ಯುವವರಿದ್ದಾರೆ. ರಾಯಚೂರಿನ ತೀನ್ ಕಂದೀಲಿನಂಥ ಪೇಟೆಯ ಬೀದಿಗಳಲ್ಲಿ ಆ ಕೆಲಸ ನಿಂತು ನೋಡುವಂಥದ್ದು. ಕೊಕ್ಕೆಯಿರುವ ಆರಿಯನ್ನು ಅಟ್ಟೆಯ ಅಂಚಿನಿಂದ ಒಳಕ್ಕೆ ತೂರಿಸಿ, ಒಳಗಿನಿಂದ ನೈಲಾನ್ ದಾರ ಎಳೆದು, ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಬೂಟಿನ ಸುತ್ತ ಹೊಲಿಯುತ್ತಾರೆ. ಸಮಗಾರರ ಈ ಒಂದು ಸುತ್ತಿನ ಹೊಲಿಗೆ ಕಾರ್ಖಾನೆ ಲೆಕ್ಕಕ್ಕೆ ತೆಗೆದುಕೊಳ್ಳದ ಬಿಸಿಲಿಗೆ ಕೊಟ್ಟ ಉತ್ತರ. ಬೂಟು ವಿನ್ಯಾಸ ಮಾಡುವವರು ಬಂದು ಇದನ್ನು ನೋಡಬೇಕು.

ಬೂಟೇ ಇಲ್ಲದೆ ಓಡಿದರೆ? ಬರಿಗಾಲಿನ ಓಟಕ್ಕೆ ನಮ್ಮಲ್ಲಿ ದೊಡ್ಡ ಇತಿಹಾಸವೇ ಇದೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಆಟೋಟದಲ್ಲಿ ಬರಿಗಾಲಲ್ಲಿ ಓಡಿದ ರೈತರನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ, 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಕಳಿಸಲು ಮುಂದಾದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಮ್ಯಾರಥಾನನ್ನು 2 ಗಂಟೆ 50 ನಿಮಿಷದ ಆಸುಪಾಸಿನಲ್ಲಿ ಮುಗಿಸಿ 19ನೆಯವರಾದರು. 1960ರಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ರೋಮ್ ನಗರದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲೇ ಓಡಿ ಚಿನ್ನ ಗೆದ್ದರು. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ, ಬಾಲ್ಯದಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಮುಂಗಾಲು ಮೊದಲು ಊರುತ್ತಾರೆ, ಹಿಮ್ಮಡಿ ಬಡಿದಾಗ ಕಾಲಿಗೆ ಏರುವ ಹೊಡೆತ ಅವರಿಗೆ ಅಷ್ಟಾಗಿ ತಾಗುವುದಿಲ್ಲ ಎಂದು ತೋರಿಸಿತು. 2019ರಲ್ಲಿ ಕೆನ್ಯಾ ಮತ್ತು ಅಮೆರಿಕದವರ ಅಂಗಾಲು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಂತು: ಬರಿಗಾಲಲ್ಲಿ ನಡೆದು ಚರ್ಮ ಎಷ್ಟು ಗಟ್ಟಿಯಾಗಿದ್ದರೂ ನೆಲದ ಸ್ಪರ್ಶ ತಿಳಿಯುವ ಶಕ್ತಿ ಕುಂದುವುದಿಲ್ಲ. ಹೊಲದಲ್ಲಿ ಬೆಳೆದ ಹುಡುಗನ ಕಾಲಿಗೆ ನೆಲ ಗೊತ್ತಿರುತ್ತದೆ. ಹೀಗಿದ್ದೂ ಶಕ್ತಿಯ ಲೆಕ್ಕದಲ್ಲಿ ಬರಿಗಾಲಿಗೆ ಗೆಲುವಿಲ್ಲ. ಬೂಟಿನ ತೂಕ ಉಳಿಯಿತೆಂದರೂ ನೊರೆ ಮಾಡುತ್ತಿದ್ದ ಮೆತ್ತೆಯ ಕೆಲಸ ಕಾಲಿನ ಸ್ನಾಯುಗಳ ಮೇಲೆ ಬೀಳುತ್ತದೆ. 2012ರಲ್ಲಿ ಕ್ರಾಮ್ ತಂಡ ಅಳೆದಾಗ ತೀರಾ ಹಗುರ ಬೂಟಿಗಿಂತ ಬರಿಗಾಲು ಅಗ್ಗವಾಗಲಿಲ್ಲ. ತೀರಾ ಭಾರದ ಬೂಟಿಗೆ ಹೋಲಿಸಿದರೆ, ಅದನ್ನು ಬಿಟ್ಟು ಬರಿಗಾಲಲ್ಲಿ ಓಡುವ ಬಡ ಹುಡುಗನ ಲೆಕ್ಕ ಸರಿಯಿರಬಹುದು. ಆದರೆ ಅವನಿಗೆ ಸಿಗಬೇಕಾದದ್ದು ಹಗುರ ಬೂಟು.

ಇನ್ನು ಅಂಗಿಗೆ ಬರುತ್ತೇನೆ. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಹತ್ತಿಯ ಹಂಗಾಮಿನಲ್ಲಿ ಗಾಡಿಗಳ ಸಾಲು ನಿಲ್ಲುತ್ತದೆ. ಮಾನ್ವಿ, ದೇವದುರ್ಗದ ಹೊಲಗಳಿಂದ ಬಂದ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗಿ, ಬೀಜ ಬೇರೆ ಅರಳೆ ಬೇರೆಯಾಗಿ, ಬೇಲು ಕಟ್ಟಿಸಿಕೊಂಡು ಹೊರಗಿನ ನೂಲಿನ ಗಿರಣಿಗಳಿಗೆ ಹೋಗುತ್ತದೆ. ಅದೇ ತಾಲ್ಲೂಕುಗಳ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾವಳಿಗಳಲ್ಲಿ ಆಟಗಾರರ ಮೈಮೇಲೆ ಹತ್ತಿ ಕಾಣುವುದಿಲ್ಲ, ಎಲ್ಲರದೂ ಪಾಲಿಯೆಸ್ಟರ್ ಜೆರ್ಸಿ. ಎದೆಯ ಮೇಲೆ ಊರಿನ ತಂಡದ ಹೆಸರು, ಬೆನ್ನ ಮೇಲೆ ಆಟಗಾರನ ಹೆಸರು ಮತ್ತು ನಂಬರು. ಇಷ್ಟು ಅಗ್ಗಕ್ಕೆ ಇಷ್ಟು ಬಣ್ಣ ಹೇಗೆ ಬಂತು? ಚಿತ್ರವನ್ನು ಮೊದಲು ಕಾಗದದ ಮೇಲೆ ವಿಶೇಷ ಶಾಯಿಯಲ್ಲಿ ಅಚ್ಚು ಹಾಕುತ್ತಾರೆ. ಕಾಗದವನ್ನು ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒಂದು ನಿಮಿಷದಷ್ಟು ಒತ್ತುತ್ತಾರೆ. ಶಾಯಿಯ ಬಣ್ಣ ದ್ರವವಾಗದೆ ನೇರ ಆವಿಯಾಗುತ್ತದೆ. ಅಷ್ಟು ಶಾಖಕ್ಕೆ ಪಾಲಿಯೆಸ್ಟರಿನ ಅಣುಸರಪಣಿಗಳು ಸಡಿಲಗೊಂಡು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಆರಿದಾಗ ಬಿಗಿದುಕೊಳ್ಳುತ್ತವೆ. ಎಷ್ಟು ಒಗೆದರೂ ಬಣ್ಣ ಹೋಗದು. ಹತ್ತಿಯ ನಾರು ಹಾಗೆ ಸಡಿಲಗೊಳ್ಳುವುದಿಲ್ಲ, ಆ ಬಣ್ಣ ಅದಕ್ಕೆ ಹತ್ತುವುದಿಲ್ಲ. ಹಳ್ಳಿಯ ತಂಡಗಳಲ್ಲಿ ಪಾಲಿಯೆಸ್ಟರ್ ಗೆದ್ದದ್ದಕ್ಕೆ ಬೆವರಿನಷ್ಟೇ ಈ ಅಚ್ಚೂ ಕಾರಣವೆಂದು ನನ್ನ ತಿಳಿವು. ತನ್ನ ಹೆಸರಿರುವ ಅಂಗಿ ಹಾಕಿ ಅಂಗಳಕ್ಕಿಳಿಯುವ ಖುಷಿಯನ್ನು ಕಡೆಗಣಿಸಬಾರದು.

ಬೆವರಿನ ಲೆಕ್ಕವೂ ಇದೆ. ಹತ್ತಿಯ ಒಂದೊಂದು ಎಳೆಯೂ ಬೀಜದ ಮೈಮೇಲೆ ಬೆಳೆದ ಒಂದೇ ಜೀವಕೋಶ. ಕಾಯಿ ಒಡೆದಾಗ ಅದು ಒಣಗಿ, ಚಪ್ಪಟೆಯಾಗಿ, ಹುರಿಗೊಳ್ಳುತ್ತದೆ. ಅದರ ಸೆಲ್ಯುಲೋಸ್ ನೀರನ್ನು ಹಿಡಿದಿಡುತ್ತದೆ. ಸಾಧಾರಣ ಹವೆಯಲ್ಲೇ ಹತ್ತಿಯಲ್ಲಿ ತೂಕದ ಸುಮಾರು ಶೇ. 8ರಷ್ಟು ತೇವ ಇರುತ್ತದೆ, ಪಾಲಿಯೆಸ್ಟರಿನಲ್ಲಿ ಶೇ. 0.4 ಮಾತ್ರ. ಪಾಲಿಯೆಸ್ಟರ್ ಬೆವರನ್ನು ಕುಡಿಯುವುದಿಲ್ಲ, ಎಳೆಗಳ ಸಂದಿಯಲ್ಲಿ ಹರಿಸಿ ಹರಡುತ್ತದೆ. ಅದಕ್ಕಾಗಿ ಎಳೆಗಳ ಉದ್ದಕ್ಕೂ ಕಾಲುವೆಯಂಥ ಗೀರುಗಳಿರುವಂತೆ ನೂಲು ತೆಗೆಯುತ್ತಾರೆ. ಅಂಗಿ ಹಗುರವಾಗಿಯೇ ಉಳಿಯುತ್ತದೆ, ಮೈಗೆ ಮೆತ್ತಿಕೊಳ್ಳುವುದಿಲ್ಲ.

ಮೈ ತಂಪಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 60 ಕೆ.ಜಿ. ತೂಕದ ಓಟಗಾರ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಗಂಟೆಗೆ ಸುಮಾರು 900 ಕಿಲೋಕ್ಯಾಲೊರಿ ಖರ್ಚು ಮಾಡುತ್ತಾನೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಶಾಖವೇ. ಆ ಶಾಖ ಹೊರಗೆ ಹೋಗದಿದ್ದರೆ 4–5 ನಿಮಿಷಕ್ಕೊಮ್ಮೆ ಮೈ 1 ಡಿಗ್ರಿ ಏರುತ್ತದೆ. ಚರ್ಮದ ಉಷ್ಣತೆ 35 ಡಿಗ್ರಿಯ ಸುಮಾರು. ಹೊರಗೆ 42 ಡಿಗ್ರಿ ಇದ್ದಾಗ ಗಾಳಿ ಮೈಯನ್ನು ತಂಪು ಮಾಡುವ ಬದಲು ಕಾಯಿಸುತ್ತದೆ. ಆಗ ಉಳಿದಿರುವುದು ಬೆವರು ಆರುವ ದಾರಿ ಒಂದೇ. 1 ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಹೊತ್ತೊಯ್ಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ರಾಯಚೂರಿನ ಬೇಸಿಗೆಯ ಒಣಗಾಳಿಯಲ್ಲಿ ಬೆವರು ಹರಿಯುವ ಮುನ್ನವೇ ಆರಿ, ಚರ್ಮದ ಮೇಲೆ ಉಪ್ಪು ಉಳಿಯುತ್ತದೆ. ಬೆವರನ್ನು ಬೇಗ ಆರಿಸುವುದೇ ತನ್ನ ಹೆಗ್ಗಳಿಕೆ ಎನ್ನುವ ಅಂಗಿಗೆ ಇಲ್ಲಿ ಅಷ್ಟೊಂದು ಕೆಲಸವಿಲ್ಲ. 2001ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ 30 ಡಿಗ್ರಿಯ ಒಣ ಹವೆಯಲ್ಲಿ ಹತ್ತಿ ತೊಟ್ಟವರಿಗೂ ಬೆವರು ಬೇಗ ಆರಿಸುವ ಕೃತಕ ಬಟ್ಟೆ ತೊಟ್ಟವರಿಗೂ ಮೈಯ ಉಷ್ಣತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಟ್ಟೆಯ ಸಡಿಲಿಕೆ ಇದಕ್ಕಿಂತ ಮುಖ್ಯವಿರಬಹುದು. ಮರುಭೂಮಿಯ ಬೆಡುಯಿನ್ ಜನ ಕಪ್ಪು ನಿಲುವಂಗಿ ತೊಟ್ಟೂ ಬಿಳಿ ತೊಟ್ಟವರಷ್ಟೇ ತಂಪಾಗಿರುತ್ತಾರೆ, ಸಡಿಲ ಬಟ್ಟೆಯೊಳಗೆ ಆಡುವ ಗಾಳಿ ಹೆಚ್ಚುವರಿ ಶಾಖವನ್ನು ಒಯ್ಯುತ್ತದೆ ಎಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ಹೊಸ ಬಟ್ಟೆಗಳ ಕನಸು ದೊಡ್ಡದಿದೆ. 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಿ ಚುಯಿ ತಂಡ ಮೈಯ ಶಾಖಕಿರಣ ದಾಟಿಹೋಗಲು ಬಿಡುವ ಪಾಲಿಎಥಿಲೀನ್ ಬಟ್ಟೆ ಮಾಡಿತು. ಕೋಣೆಯೊಳಗಿನ ಪರೀಕ್ಷೆಯಲ್ಲಿ ಅದು ಹತ್ತಿಗಿಂತ 2 ಡಿಗ್ರಿಗೂ ಹೆಚ್ಚು ತಂಪಾಗಿತ್ತು. ನಮ್ಮ ಮಧ್ಯಾಹ್ನಕ್ಕೆ ಅದು ಒಗ್ಗದು: ಸುತ್ತಲಿನ ನೆಲವೇ ಮೈಗಿಂತ ಬಿಸಿ ಇದ್ದಾಗ ಕಿರಣಗಳು ಒಳಮುಖವಾಗಿ ಬರುತ್ತವೆ. 2021ರಲ್ಲಿ ಚೀನಾದ ಸಂಶೋಧಕರು ಮಾಡಿದ, ಬಿಸಿಲನ್ನೇ ಹಿಂದಕ್ಕೆ ಎಸೆಯುವ ಬಟ್ಟೆ ನಮಗೆ ಹತ್ತಿರದ್ದು. ಬಯಲಿನ ಬಿಸಿಲಿನಲ್ಲಿ ಅದರಡಿಯ ಮೈ ಹತ್ತಿಯಡಿಯ ಮೈಗಿಂತ ಸುಮಾರು 4.8 ಡಿಗ್ರಿ ತಂಪಾಗಿತ್ತು.

ಪಾಲಿಯೆಸ್ಟರಿಗೆ ಒಂದು ಕೊರತೆ ಇದೆ, ಹಾಸ್ಟೆಲಿನ ಕೋಣೆಗಳಲ್ಲಿ ಅದು ಎಲ್ಲರಿಗೂ ಗೊತ್ತು. 2014ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದವರು 26 ಮಂದಿಯ ಬೆವರಿದ ಅಂಗಿಗಳನ್ನು ಪರೀಕ್ಷಿಸಿ, ವಾಸನೆ ಹುಟ್ಟಿಸುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಹುಲುಸಾಗಿ ಬೆಳೆಯುತ್ತದೆ ಎಂದು ಕಂಡುಕೊಂಡರು. ಅದನ್ನು ತಡೆಯಲು ಬಟ್ಟೆಗೆ ಬೆಳ್ಳಿಯ ನ್ಯಾನೊಕಣ ಸವರುವ ಪದ್ಧತಿ ಬಂತು, ಒಗೆದಂತೆ ಬೆಳ್ಳಿ ನೀರಿಗೆ ಹೋಗುತ್ತದೆ. ಜೊತೆಗೆ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳೂ ಹೋಗುತ್ತವೆ. ನಮ್ಮ ಒಗೆತದ ನೀರು ಹಳ್ಳ ಸೇರಿ, ಕೊನೆಗೆ ಕೃಷ್ಣೆಗೋ ತುಂಗಭದ್ರೆಗೋ ಮುಟ್ಟುವಂಥದ್ದು.

ಹತ್ತಿಯ ಕಡೆಗೂ ತಂತ್ರಜ್ಞಾನ ಬಂದಿದೆ, ಅದು ನಮ್ಮಲ್ಲಿ ಸುದ್ದಿಯಾಗಿಲ್ಲ. ಹತ್ತಿಬಟ್ಟೆಯ ಒಳಮೈಗೆ ನೀರು ಹತ್ತದ ಲೇಪವನ್ನು ಬಿಡಿಬಿಡಿ ಚುಕ್ಕೆಗಳಾಗಿ ಅಚ್ಚು ಹಾಕುವ ವಿಧಾನವನ್ನು ಅಮೆರಿಕದ ಕಾಟನ್ ಇನ್‌ಕಾರ್ಪೊರೇಟೆಡ್ ಸಂಸ್ಥೆ ರೂಪಿಸಿತು. ಲೇಪವಿಲ್ಲದ ಸಂದಿಗಳಿಂದ ಬೆವರು ಹೊರಮೈಗೆ ದಾಟುತ್ತದೆ, ಚರ್ಮಕ್ಕೆ ತಾಗುವ ಮೈ ಒಣಗಿರುತ್ತದೆ, ಬಟ್ಟೆ ಹಿಡಿದಿಡುವ ನೀರೂ ಕಡಿಮೆ. ತೆಳುವಾದ ಹೆಣಿಗೆ ಬಟ್ಟೆಗೆ ಉದ್ದೆಳೆಯ ಹತ್ತಿ ಬೇಕು. ಅದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ರೂಪಿಸಿದ ವರಲಕ್ಷ್ಮಿ, ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ಹೆಸರಾಂತ ಹೈಬ್ರಿಡ್. ಆಮೇಲೆ ಅಲ್ಲಿಂದಲೇ ಬಂದ ಡಿಸಿಎಚ್-32 ತಳಿ ಅತಿ ಉದ್ದೆಳೆಗೆ ಹೆಸರಾಯಿತು. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಇಂಥ ಲೇಪದ ಹತ್ತಿ ಅಂಗಿ, ಬರೀ ಹತ್ತಿಯ ಅಂಗಿ, ಪಾಲಿಯೆಸ್ಟರ್ ಜೆರ್ಸಿ ಮೂರನ್ನೂ ನಮ್ಮ ಹವೆಯಲ್ಲಿ ಹೋಲಿಸಲು ದೊಡ್ಡ ಯಂತ್ರ ಬೇಡ. ಓಟಕ್ಕೆ ಮುಂಚೆ ಓಟಗಾರನನ್ನೂ ಅಂಗಿಯನ್ನೂ ಬೇರೆಬೇರೆ ತೂಗಬೇಕು, ಓಟದ ನಂತರ ಮತ್ತೆ ತೂಗಬೇಕು. ಮೈ ಕಳೆದುಕೊಂಡ ತೂಕದಲ್ಲಿ ಅಂಗಿ ಗಳಿಸಿದ ತೂಕ ಕಳೆದರೆ ಆರಿದ ಬೆವರು ಎಷ್ಟೆಂದು ಸಿಗುತ್ತದೆ. ಅದೇ ಓಟಗಾರರು ಅದೇ ಮೈದಾನದಲ್ಲಿ ಮೂರೂ ಅಂಗಿ ಸರದಿಯಲ್ಲಿ ತೊಟ್ಟು ಮಾರ್ಚ್‌ನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ, ಮಳೆ ಹಿಡಿದ ಆಗಸ್ಟ್‌ನಲ್ಲೊಮ್ಮೆ ಓಡಿದರೆ ಮಾನ್ವಿಯ ಹತ್ತಿ ದೇವದುರ್ಗದ ಓಟಗಾರ್ತಿಯ ಮೈಗೆ ಯಾವ ತಿಂಗಳು ಒಗ್ಗುತ್ತದೆ, ಯಾವ ತಿಂಗಳು ಒಗ್ಗುವುದಿಲ್ಲ ಎಂಬುದು ಗ್ರಾಂ ಲೆಕ್ಕದಲ್ಲಿ ಹೊರಬೀಳುತ್ತದೆ.